ಐದು ದಿನದ ಬಿಳಿ ಗುಳಿಗೆಗೆ ಮೂರು ವರ್ಷ ತುಂಬಿದ ಸಂದರ್ಭದಲ್ಲಿ

ನಮ್ಮ ಬಡಾವಣೆಯ ಆರೋಗ್ಯದ ಹೊಣೆಯನ್ನು ಇಪ್ಪತ್ತೆರಡು ವರ್ಷಗಳಿಂದ ಒಂದೇ ಪೆನ್ನಿನ ಮೇಲೆ ಹೊತ್ತು ತಂದಿರುವ ವೈದ್ಯ ಮಹಾಶಯರ ಸನ್ನಿಧಾನಕ್ಕೆ,

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ತಮ್ಮ ಪೆನ್ನು ಕ್ಷೇಮವೆಂಬುದನ್ನಂತೂ ಕಣ್ಣಾರೆ ಕಂಡಿದ್ದೇನೆ, ಏಕೆಂದರೆ ಮೊನ್ನೆ ಸೋಮವಾರವಷ್ಟೇ ಅದರ ದರ್ಶನವಾಯಿತು. ಇತ್ತ ನಾವೂ ಕ್ಷೇಮವೆಂದು ಬರೆಯುವುದು ಪದ್ಧತಿ. ಆದರೆ ತಮ್ಮ ಚೀಟಿಯನ್ನು ನಂಬುವುದಾದರೆ ನಮ್ಮ ಮನೆಯವರಿಗೆ ಏಳೆಂಟು ಕಾಯಿಲೆಗಳಿರುವುದರಿಂದ, ಆ ಒಂದು ವಾಕ್ಯ ಬರೆಯುವುದಕ್ಕೂ ತಮ್ಮ ಅಪ್ಪಣೆ ಬೇಕಾದೀತೇನೋ ಎಂಬ ಅಳುಕಿನಿಂದ ಸದ್ಯಕ್ಕೆ ಆ ಜಾಗವನ್ನು ಖಾಲಿ ಬಿಟ್ಟಿದ್ದೇನೆ.

ನಾನು ಯಾರೆಂದು ಮುಖ ನೋಡಿ ತಾವು ಗುರುತು ಹಿಡಿಯುವ ಭರವಸೆ ನನಗಿಲ್ಲ; ತಾವು ರೋಗಿಗಳ ಮುಖ ನೋಡುವ ಅಭ್ಯಾಸ ಬಿಟ್ಟು ಬಹಳ ವರ್ಷಗಳಾದವು. ತಮ್ಮ ಚಿಕಿತ್ಸಾಲಯದ ಮೆಟ್ಟಿಲಿಳಿದು ಬಲಕ್ಕೆ ತಿರುಗಿದರೆ ನಾಲ್ಕನೆಯ ಬಾಗಿಲು, ನೀಲಿ ಬಣ್ಣದ್ದು, ಎರಡು ಕುರ್ಚಿಯ ಕ್ಷೌರದಂಗಡಿ. ಅದರ ಯಜಮಾನರ ಹೆಂಡತಿ ನಾನು. ಹೆಣ್ಣುಮಕ್ಕಳ ಪ್ರೌಢಶಾಲೆಯ ಕಚೇರಿಯಲ್ಲಿ ಮೂವತ್ತೊಂದು ವರ್ಷ ಗುಮಾಸ್ತೆಯಾಗಿದ್ದು ನಿವೃತ್ತಳಾದವಳು. ಹನ್ನೊಂದು ಮಂದಿ ಮುಖ್ಯೋಪಾಧ್ಯಾಯರ ಪರವಾಗಿ ಮೇಲಿನವರಿಗೆ ಕಾಗದ ಬರೆದ ಕೈ ಇದು, ಹಾಗಾಗಿ ಸಿಟ್ಟು ನೆತ್ತಿಗೇರಿದಾಗಲೂ ‘ಮಾನ್ಯರೇ’ ಎಂದೇ ಶುರುವಾಗುತ್ತದೆ. ಅದನ್ನು ನೋಡಿ ಸಿಟ್ಟಿಲ್ಲವೆಂದು ತಾವು ದಯವಿಟ್ಟು ತಿಳಿಯಬಾರದು.

ಇದನ್ನು ಖಾಸಗಿಯಾಗಿ ಬರೆಯದೆ ಶುಕ್ರವಾರ ಹೊರಡುವ ಬಡಾವಣೆಯ ವಾರಪತ್ರಿಕೆಗೆ ಕೊಟ್ಟದ್ದೇಕೆ ಎಂದು ತಾವು ಕೇಳಬಹುದು. ತಮಗೆ ಬರುವ ಪ್ರತಿಯೊಂದು ಕಾಗದವೂ ಮೊದಲು ತಮ್ಮ ಕಾಂಪೌಂಡರ್ ಅವರ ಕೈಗೆ ಹೋಗುತ್ತದೆ. ಅವರು ಅದನ್ನು ಶ್ರದ್ಧೆಯಿಂದ ನಕಲು ಮಾಡಿ, ಕೆಳಗೆ ಎರಡು ಸಾಲು ಖಾಲಿ ಬಿಟ್ಟು, ತಮ್ಮ ಮೇಜಿನ ಮೇಲಿಡುತ್ತಾರೆ. ತಾವು ಆ ಎರಡು ಸಾಲಿನಲ್ಲಿ ಎರಡು ಗುಳಿಗೆ ಬರೆದು ಸಹಿ ಹಾಕುತ್ತೀರಿ. ನನ್ನ ದೂರಿಗೆ ದಿನಕ್ಕೆ ಮೂರು ಹೊತ್ತು, ಊಟದ ನಂತರ, ಎಂಬ ಉತ್ತರ ಬರುವುದು ನನಗೆ ಬೇಕಿಲ್ಲ.

ಮೊದಲು ಅಭಿನಂದನೆ ಸಲ್ಲಿಸಿಬಿಡುತ್ತೇನೆ, ಯಾಕೆಂದರೆ ಆಮೇಲೆ ಮನಸ್ಸು ಬಂದೀತೋ ಇಲ್ಲವೋ ಹೇಳಲಾರೆ. ಸಮಾನತೆಯ ವಿಷಯದಲ್ಲಿ ಇಡೀ ಬಡಾವಣೆಯಲ್ಲಿ ತಮ್ಮನ್ನು ಮೀರಿಸಿದವರಿಲ್ಲ. ಕೆಮ್ಮೆಂದು ಬಂದವರು, ಬೆನ್ನುನೋವೆಂದು ಬಂದವರು, ಕಿವಿಯಲ್ಲಿ ಗುಂಯ್ ಎನ್ನುತ್ತದೆಂದು ಬಂದವರು, ಎಲ್ಲರೂ ಮೆಟ್ಟಿಲಿಳಿಯುವಾಗ ಬೆಳಿಗ್ಗೆ ಖಾಲಿ ಹೊಟ್ಟೆಗೊಂದು ಎಂಬ ಅದೇ ಹಳದಿ ಕ್ಯಾಪ್ಸೂಲಿನ ಒಡೆಯರಾಗಿರುತ್ತಾರೆ. ತಮ್ಮ ಕೋಣೆಯ ಫ್ಯಾನು ರಿಪೇರಿಗೆ ಬಂದ ಎಲೆಕ್ಟ್ರಿಷಿಯನ್, ಏಣಿಯ ಮೇಲಿಂದ ಒಂದು ಸಲ ಸೀನಿದ ತಪ್ಪಿಗೆ, ನಾಲ್ಕು ಬಗೆಯ ಔಷಧಿಯೊಂದಿಗೆ ಮನೆಗೆ ಹೋದದ್ದನ್ನು ಬೆಂಚಿನ ಮೇಲೆ ಕೂತಿದ್ದ ನಾನೇ ನೋಡಿದ್ದೇನೆ. ಫ್ಯಾನು ಈಗಲೂ ಕಿರ್ರೆನ್ನುತ್ತಿದೆ; ಎಲೆಕ್ಟ್ರಿಷಿಯನ್ ಮಾತ್ರ ತಿಂಗಳಿಗೊಮ್ಮೆ ತಪ್ಪದೆ ತೋರಿಸಿಕೊಳ್ಳಲು ಬರುತ್ತಿದ್ದಾನೆ. ಕಾಯುವ ಕೋಣೆಯ ಗಾಜಿನ ತೊಟ್ಟಿಯಲ್ಲಿರುವ ಆ ಒಂಟಿ ಮೀನು ಇಷ್ಟು ವರ್ಷ ಗಟ್ಟಿಮುಟ್ಟಾಗಿ ಉಳಿದಿರುವುದಕ್ಕೆ ಅದಕ್ಕೆ ಚೀಟಿ ಹಿಡಿಯಲು ಬರದಿರುವುದೇ ಕಾರಣವೆಂದು ಬೆಂಚಿನ ಮೇಲಿನವರು ಆಡಿಕೊಳ್ಳುತ್ತಾರೆ. ನಾನು ಆಡಿಕೊಂಡಿಲ್ಲ, ನಕ್ಕಿದ್ದೇನೆ ಅಷ್ಟೆ.

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂದು ಹಿರಿಯರು ಹೇಳುತ್ತಿದ್ದರು. ಪಾಪ, ಅವರ ಕಾಲದ ವೈದ್ಯರಿಗೆ ಬರೆಯುವುದಕ್ಕೆ ಬೇರೆ ಏನೂ ಇರಲಿಲ್ಲವೆಂದು ಕಾಣುತ್ತದೆ.

ಈಗ ಆ ಎರಡು ಖಾಲಿ ಸಾಲುಗಳ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನನ್ನ ದೂರೆಲ್ಲ ಹುಟ್ಟಿದ್ದು ಅಲ್ಲಿಯೇ. ತಮ್ಮಲ್ಲಿ ನಡೆದುಬಂದಿರುವ ಕ್ರಮ ಹೀಗೆ: ರೋಗಿ ಒಳಗೆ ಬರುವ ಮುಂಚೆ ಕಾಂಪೌಂಡರ್ ಅವರು, ಕನ್ನಡಕಕ್ಕೆ ದಾರ ಕಟ್ಟಿಕೊಂಡ ಆ ಸಜ್ಜನರು, ಹಳೆಯ ಚೀಟಿಯಲ್ಲಿರುವುದನ್ನೆಲ್ಲ ಹೊಸ ಚೀಟಿಗೆ ಮುದ್ದಾದ ಅಕ್ಷರದಲ್ಲಿ ಇಳಿಸಿ, ತುದಿಗೆ ‘ಮುಂದುವರಿಸಿ’ ಎಂದು ಬರೆದು, ಕೆಳಗೆ ಎರಡು ಸಾಲು ಬಿಟ್ಟು ಒಳಗೆ ಕಳಿಸುತ್ತಾರೆ. ತಮ್ಮ ಪೆನ್ನು ಕೆಲಸ ಮಾಡುವುದು ಆ ಎರಡು ಸಾಲಿನಲ್ಲಿ ಮಾತ್ರ. ಮೇಲಿನ ಸಾಲುಗಳನ್ನು ಮುಟ್ಟುವುದು ಕಾಂಪೌಂಡರ್ ಅವರ ಅಕ್ಷರಕ್ಕೆ ಅವಮಾನ, ಕೆಳಗಿನ ಸಾಲುಗಳನ್ನು ಖಾಲಿ ಬಿಡುವುದು ರೋಗಿಗೆ ಅವಮಾನ. ಹೀಗೆ ಯಾರಿಗೂ ಅವಮಾನವಾಗದಂತೆ ನಡೆದುಕೊಂಡು ತಾವು ಚೀಟಿಗಳನ್ನು ಬೆಳೆಸಿದ್ದೀರಿ. ಬಡಾವಣೆಯಲ್ಲಿ ಎಷ್ಟೋ ಮಕ್ಕಳು ಇಷ್ಟು ಚೆನ್ನಾಗಿ ಬೆಳೆದಿಲ್ಲ.

ಮೂರು ವರ್ಷದ ಹಿಂದೆ ನಮ್ಮ ಮನೆಯವರು ಅಂಗಡಿಯಲ್ಲಿ ಕೂದಲು ಗುಡಿಸಲು ಬಗ್ಗಿದವರು ತಲೆಸುತ್ತಿ ಕುರ್ಚಿಯ ಕೈ ಹಿಡಿದುಕೊಂಡರು. ಅಲ್ಲಿಯವರೆಗೆ ಅವರಿಗಿದ್ದದ್ದು ರಕ್ತದೊತ್ತಡಕ್ಕೆ ಬೆಳಿಗ್ಗೆ ಒಂದು ಗುಳಿಗೆ ಮಾತ್ರ. ತಾವು ತಲೆಸುತ್ತಿಗೆಂದು ಒಂದು ಪುಟ್ಟ ಬಿಳಿ ಗುಳಿಗೆ ಬರೆದುಕೊಟ್ಟಿರಿ. ಅದರ ಮುಂದೆ ‘ಐದು ದಿನ’ ಎಂದೂ ಬರೆದಿರಿ. ಮೂರೇ ದಿನದಲ್ಲಿ ತಲೆಸುತ್ತು ಹೋಯಿತು, ಮತ್ತೆ ಬರಲೂ ಇಲ್ಲ. ಆ ಚೀಟಿಗಾಗಿ ಈಗಲೂ ತಮಗೆ ಮನಸಾರೆ ಕೈಮುಗಿಯುತ್ತೇನೆ. ಇದರಲ್ಲಿ ವ್ಯಂಗ್ಯವಿಲ್ಲ, ವ್ಯಂಗ್ಯ ಮುಂದಿನ ಚೀಟಿಯಿಂದ ಶುರುವಾಗುತ್ತದೆ.

ವಾರ ಬಿಟ್ಟು ತೋರಿಸಲು ಹೋದಾಗ ಕಾಂಪೌಂಡರ್ ಅವರು ಎಂದಿನಂತೆ ನಕಲಿಳಿಸಿದರು. ಗುಳಿಗೆಯ ಹೆಸರು ಬಂತು, ‘ಐದು ದಿನ’ ಬರಲಿಲ್ಲ, ‘ಮುಂದುವರಿಸಿ’ ಬಂತು. ತಾವು ಸಹಿ ಹಾಕಿದಿರಿ. ಅಂದಿನಿಂದ ಆ ಬಿಳಿ ಗುಳಿಗೆ ನಮ್ಮ ಮನೆಗೆ ಒಂದು ವಾರವೆಂದು ಬಂದು ಮಂಚ ಹಾಸಿಕೊಂಡು ಮಲಗಿದ ನೆಂಟನ ಹಾಗೆ ಉಳಿದುಬಿಟ್ಟಿತು.

ಎಂಟು ತಿಂಗಳಾದ ಮೇಲೆ ಇವರ ಬಲಗೈ ನಡುಗತೊಡಗಿತು. ಮಾನ್ಯರೇ, ಎಲ್ಲರ ಕೈಯೂ ಒಂದೇ ಅಲ್ಲ. ನನ್ನ ಕೈ ನಡುಗಿದರೆ ಅಕ್ಷರ ಸೊಟ್ಟಗಾದೀತು, ತಮ್ಮ ಕೈ ನಡುಗಿದರೆ ಅಕ್ಷರ ಇನ್ನೂ ಸ್ವಲ್ಪ ಓದುವಂತಾದೀತು. ಆದರೆ ಅವರದು ಕತ್ತಿ ಹಿಡಿಯುವ ಕೈ. ನಲವತ್ತು ವರ್ಷ ಈ ಬೀದಿಯ ಗಂಡಸರು ಕಣ್ಣು ಮುಚ್ಚಿ, ಗಲ್ಲ ಎತ್ತಿ, ಗಂಟಲನ್ನು ಒಪ್ಪಿಸಿ ಕೂರುತ್ತಿದ್ದುದು ಆ ಕೈಯ ಮೇಲಿನ ನಂಬಿಕೆಯಿಂದ. ತಾವೂ ಹದಿನೆಂಟು ವರ್ಷ, ವಾರ ಬಿಟ್ಟು ವಾರ, ಶನಿವಾರ ಬೆಳಿಗ್ಗೆ ಎಂಟಕ್ಕೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಹಾಗೆ ಕೂತವರೇ. ತಮ್ಮ ಬ್ರಷ್ಷಿಗೂ ಸಾಬೂನಿನ ಬಟ್ಟಲಿಗೂ ಇವರು ಗೋಡೆಯ ಮೇಲೆ ಬೇರೆ ಗೂಡನ್ನೇ ಮಾಡಿಸಿದ್ದರು. ಆಮೇಲಾಮೇಲೆ ತಾವು ಬರುವುದು ನಿಂತಿತು. ಕೆಲಸದ ಒತ್ತಡವಿರಬೇಕು, ಪಾಪ, ಎಷ್ಟು ಚೀಟಿ ಬರೆಯಬೇಕೋ ಏನೋ ಎಂದು ನಾವಿಬ್ಬರೂ ಮರುಗಿದ್ದೆವು.

ಕೈ ನಡುಕಕ್ಕೆ ತಾವು ವಯಸ್ಸಾಯಿತೆಂಬ ಕಾರಣ ಕೊಟ್ಟಿರಿ, ಒಂದು ಗುಳಿಗೆಯನ್ನೂ ಕೊಟ್ಟಿರಿ. ಆ ಗುಳಿಗೆಯಿಂದ ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು, ಹೊಟ್ಟೆ ಕಟ್ಟಿತು. ಹೊಟ್ಟೆಗೆ ಒಂದು ಸಿರಪ್ ಬಂತು. ಮಾತಾಡುತ್ತಾ ಆಡುತ್ತಾ ಮಾತೇ ಮರೆತುಹೋಗುವ ಮಂಕು ಕವಿಯಿತು. ಜ್ಞಾಪಕಶಕ್ತಿಗೆಂದು ಒಂದು ಕೆಂಪು ಗುಳಿಗೆ ಬಂತು, ಅದನ್ನು ತೆಗೆದುಕೊಳ್ಳುವುದನ್ನೇ ಅವರು ಮರೆಯುತ್ತಿದ್ದರು. ಇಷ್ಟೆಲ್ಲ ನುಂಗಿದ್ದಕ್ಕೆ ಎದೆ ಉರಿಯಿತೆಂದಾಗ ತಮ್ಮ ಪ್ರಸಿದ್ಧ ಹಳದಿ ಕ್ಯಾಪ್ಸೂಲು ಬಂತು. ನಿದ್ದೆ ಬಾರದ್ದಕ್ಕೆ ಅರ್ಧ ಗುಳಿಗೆ, ಬೆಳಿಗ್ಗೆ ಅದರ ಜೋಮು ಬಿಡಿಸಲು ಒಂದು ಶಕ್ತಿಯ ಗುಳಿಗೆ. ಕೊನೆಗೆ ಸುಸ್ತೆಂದರು, ಅದಕ್ಕೂ ಒಂದು ಬಂತು. ಹೊಸದಾಗಿ ಬಂದ ಪ್ರತಿಯೊಂದೂ ಹಿಂದಿನದು ಮಾಡಿದ ರಗಳೆಗೆ ರಾಜಿ ಮಾಡಿಸಲು ಬಂದದ್ದು, ಬಂದದ್ದು ತಾನೂ ಜಗಳಕ್ಕೆ ನಿಂತದ್ದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ ಎಂಬುದು ಗಾದೆ. ತಾವು ಬರೆಗೆ ಮುಲಾಮು ಬರೆದು, ಮುಲಾಮಿನ ನವೆಗೆ ಪುಡಿ ಬರೆದು, ಎತ್ತನ್ನು ಹಾಗೆಯೇ ನಿಲ್ಲಿಸಿದ್ದೀರಿ.

ನಾನು ಗುಮಾಸ್ತೆ, ನನ್ನ ಕೈಲಾದದ್ದು ಮಾಡಿದೆ. ಎರಡು ತೂತಿನ ಫೈಲೊಂದನ್ನು ತಂದು ಒಂದೂ ಬಿಡದೆ ಎಲ್ಲ ಚೀಟಿಗಳನ್ನು ತಾರೀಖಿನ ಪ್ರಕಾರ ಪೋಣಿಸಿಟ್ಟೆ. ಬಟ್ಟೆಯ ಗುಂಡಿಗಳನ್ನು ಇಡುತ್ತಿದ್ದ ಡಬ್ಬಿಯನ್ನು ಖಾಲಿ ಮಾಡಿ ಗುಳಿಗೆ ತುಂಬಿದೆ. ಗುಂಡಿಗಳಿಗೆ ಈಗ ಮನೆಯಲ್ಲಿ ನೆಲೆಯಿಲ್ಲ, ಇವರ ಅಂಗಿಗೆ ಗುಂಡಿ ಆಗ ಹಾಕುತ್ತಿದ್ದವಳೂ ನಾನೇ, ಏಕೆಂದರೆ ಅವರ ಬೆರಳಿಗೆ ಅದು ಸಾಧ್ಯವಾಗುತ್ತಿರಲಿಲ್ಲ. ಊಟಕ್ಕೆ ಕೂತರೆ ಚಮಚ ತಟ್ಟೆಗೆ ಬಡಿದು ಸದ್ದಾಗುತ್ತದೆಂದು ನಾಚಿಕೊಂಡು ನನ್ನ ಊಟವಾದ ಮೇಲೆ ಒಬ್ಬರೇ ಕೂರತೊಡಗಿದರು. ಮೂವತ್ತೇಳು ವರ್ಷ ಎದುರುಬದುರು ಕೂತು ಉಂಡವರು ನಾವು. ಅದೊಂದನ್ನು ನೆನೆದರೆ ಈ ಪತ್ರದ ಮರ್ಯಾದೆಯ ಭಾಷೆ ನನಗೆ ಕೈಕೊಡುತ್ತದೆ.

ಒಂದು ದಿನ ಅಂಚೆಯವರು ಮುಖಕ್ಕೆ ಸಾಬೂನು ಹಚ್ಚಿಸಿಕೊಂಡು ಕೂತಿದ್ದಾಗ, ಇವರು ಕತ್ತಿ ಬಿಚ್ಚಿ ಹಿಡಿದು, ಮತ್ತೆ ಮಡಚಿಟ್ಟು, ಅವರ ಮುಖದ ಸಾಬೂನನ್ನು ಟವೆಲಿನಿಂದ ಒರೆಸಿ, ಕ್ಷಮೆ ಕೇಳಿ ಕಳಿಸಿದರಂತೆ. ಅಂಗಡಿಗೆ ಬೀಗ ಹಾಕಿಕೊಂಡು ಮನೆಗೆ ಬಂದು ಬೀಗದ ಕೈಯನ್ನು ನನ್ನ ಮುಂದಿಟ್ಟು ಹೇಳಿದ್ದು ಇಷ್ಟೇ.

“ನನ್ನ ಕೈ ನನ್ನ ಮಾತೇ ಕೇಳ್ತಿಲ್ಲ ಕಣೇ. ಇನ್ನೊಬ್ಬರ ಕುತ್ತಿಗೆ ಹತ್ರ ಹೇಗೆ ತಗೊಂಡು ಹೋಗ್ಲಿ?”

ಆ ನೀಲಿ ಬಾಗಿಲು ಮುಚ್ಚಿ ಒಂದೂವರೆ ವರ್ಷವಾಯಿತು. ತಾವು ದಿನಾ ಅದರ ಮುಂದೆಯೇ ಹಾದುಹೋಗುತ್ತೀರಿ. ಬೀಗ ಕಂಡಿರಬಹುದು, ಕಾಣದೆಯೂ ಇರಬಹುದು. ಅದು ಚೀಟಿಯ ಮೇಲಿರಲಿಲ್ಲವಲ್ಲ.

ಇಷ್ಟರಲ್ಲಿ ನಮ್ಮ ಪುಣ್ಯಕ್ಕೆ ತಮ್ಮ ಕಣ್ಣಿಗೆ ಪೊರೆ ಬಂತು. ತಪ್ಪು ತಿಳಿಯಬೇಡಿ, ತಮ್ಮ ಕಣ್ಣಿನ ಬಗ್ಗೆ ನನಗೆ ಕಾಳಜಿಯಿದೆ, ಅದರಿಂದ ಇನ್ನೂ ಬಹಳ ನಿರೀಕ್ಷೆಯೂ ಇದೆ. ತಾವು ಪೊರೆ ತೆಗೆಸಿಕೊಳ್ಳಲು ಆರು ವಾರ ರಜೆ ಹೋದಾಗ ತಮ್ಮ ಜಾಗಕ್ಕೆ ಒಬ್ಬ ಯುವ ವೈದ್ಯೆ ಬಂದರು. ಅವರ ಅನನುಭವವನ್ನು ಏನೆಂದು ಹೇಳಲಿ! ಚೀಟಿ ನೋಡುವ ಬದಲು ರೋಗಿಯನ್ನು ನೋಡಿದರು. ಎರಡೂ ಕೈ ಮುಂದಕ್ಕೆ ಚಾಚಿಸಿದರು, ಬಾಗಿಲಿನಿಂದ ಕಿಟಕಿಯವರೆಗೆ ನಡೆಸಿದರು, ಒಂದು ಹಾಳೆಯ ಮೇಲೆ ಸುರುಳಿ ಬರೆಸಿದರು. ಆಮೇಲೆ ನನ್ನ ಫೈಲನ್ನು ತೆಗೆದುಕೊಂಡು, ಕೊನೆಯ ಹಾಳೆಯಿಂದಲ್ಲ, ಮೊಟ್ಟಮೊದಲ ಹಾಳೆಯಿಂದ ಓದಲು ಶುರುಮಾಡಿದರು. ಮೊದಲನೆಯದರಲ್ಲೇ ಬೆರಳು ನಿಂತಿತು.

“ಅಮ್ಮಾ, ಇದು ಐದು ದಿನಕ್ಕೆ ಕೊಟ್ಟಿದ್ದು. ಯಾಕೆ ಇನ್ನೂ ತಗೋತಿದ್ದಾರೆ?”

ಮಾನ್ಯರೇ, ನಾನು ನಾಚಿಕೆಯಿಂದ ಕುಗ್ಗಿಹೋದೆ. ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದರು ಎನ್ನುತ್ತಾರಲ್ಲ, ಆ ಹೆಂಗಸು ನಾನೇ. ಆ ಚೀಟಿಯನ್ನು ತೂತು ಹೊಡೆದು ಪೋಣಿಸಿದವಳು ನಾನು, ಓದಿರಲಿಲ್ಲ. ಅದಕ್ಕಿಂತ ನಾಚಿಕೆಯ ವಿಷಯವೆಂದರೆ, ಇದೇ ತಪ್ಪನ್ನು ಶಾಲೆಯಲ್ಲಿ ನಾನೂ ಒಮ್ಮೆ ಮಾಡಿದ್ದೆ. ಪ್ರತಿ ತಿಂಗಳ ಹಾಜರಿ ಪುಸ್ತಕಕ್ಕೆ ಹಿಂದಿನ ತಿಂಗಳ ಹೆಸರುಗಳನ್ನು ನಕಲು ಮಾಡುವುದು ನನ್ನ ಕೆಲಸ. ತಂದೆಗೆ ವರ್ಗವಾಗಿ ಬೇರೆ ಊರಿಗೆ ಹೋದ ಒಬ್ಬ ಹುಡುಗಿಯ ಹೆಸರನ್ನು ಹಾಗೆಯೇ ಇಳಿಸುತ್ತಾ ಹೋದೆ. ಅವಳ ತರಗತಿಯ ಉಪಾಧ್ಯಾಯಿನಿಯೂ ರೂಢಿಯಂತೆ ಹಾಜರಿ ಹಾಕುತ್ತಾ ಹೋದರು. ಊರಲ್ಲೇ ಇಲ್ಲದ ಆ ಮಗು ಏಳು ತಿಂಗಳು ಒಂದು ದಿನವೂ ತಪ್ಪದೆ ಶಾಲೆಗೆ ಬಂದು, ವರ್ಷದ ಕೊನೆಗೆ ಪೂರ್ಣ ಹಾಜರಿಯ ಬಹುಮಾನಕ್ಕೆ ಆಯ್ಕೆಯಾಯಿತು. ಬಹುಮಾನದ ದಿನ ಹೆಸರು ಕೂಗಿದಾಗ ಯಾರೂ ಎದ್ದು ಬರಲಿಲ್ಲ. ಅಂದು ಇಡೀ ಶಾಲೆಯ ಮುಂದೆ ನಾನು ತಲೆ ತಗ್ಗಿಸಿ ನಿಂತೆ, ಮರುದಿನ ನನ್ನ ಕೈಯಾರೆ ಕೆಂಪು ಶಾಯಿಯಲ್ಲಿ ಆ ಹೆಸರನ್ನು ಹೊಡೆದುಹಾಕಿ ಪಕ್ಕದಲ್ಲಿ ಸಹಿ ಮಾಡಿದೆ. ಪ್ರಾಣವೇನೂ ಹೋಗಲಿಲ್ಲ. ಆದ್ದರಿಂದ ನಕಲು ಮಾಡಿದ ತಪ್ಪಿಗಾಗಿ ನಾನು ತಮ್ಮನ್ನಾಗಲಿ ಕಾಂಪೌಂಡರ್ ಅವರನ್ನಾಗಲಿ ದೂರುವವಳಲ್ಲ. ದೂರು ಬೇರೆಯೇ ಇದೆ.

ಆ ವೈದ್ಯೆ ಬಿಳಿ ಗುಳಿಗೆಯಿಂದಲೇ ಕೆಲವರಿಗೆ ಕೈ ಹೀಗೆ ನಡುಗುವುದುಂಟು ಎಂದರು. ಅದನ್ನೂ ಅದರ ಹಿಂದೆ ಬಂದ ಬಳಗವನ್ನೂ ಒಟ್ಟಿಗೇ ಬಿಡಿಸದೆ, ಯಾವುದನ್ನು ಯಾವಾಗ ಹೇಗೆ ಇಳಿಸಬೇಕೆಂದು ಬೇರೊಂದು ಹಾಳೆಯಲ್ಲಿ ವಾರವಾರಕ್ಕೆ ಬರೆದುಕೊಟ್ಟರು. ಗುಣವಾಗಲು ತಿಂಗಳುಗಳೇ ಹಿಡಿಯಬಹುದು, ಪೂರ್ತಿ ಆಗದೆಯೂ ಇರಬಹುದು, ಕೈ ಬಿಡಬೇಡಿ, ನಾಲ್ಕು ತಿಂಗಳು ಬಿಟ್ಟು ತೋರಿಸಿ ಎಂದರು. ಉಳಿದದ್ದು ರಕ್ತದೊತ್ತಡದ ಹಳೆಯ ಗುಳಿಗೆಯೊಂದೇ. ಅದನ್ನು ಬರೆದ ಮೇಲೆ ಚೀಟಿಯ ಕೆಳಗೆ ಎಷ್ಟೊಂದು ಜಾಗ ಖಾಲಿ ಉಳಿದಿತ್ತು! ಅವರು ಏನೂ ಬರೆಯದೆ ಸಹಿ ಹಾಕಿಬಿಟ್ಟರು. ಈಗಿನ ಕಾಲದವರಿಗೆ ಸಂಕೋಚವೇ ಇಲ್ಲ.

ಮೊದಲು ಮಂಕು ಹರಿಯಿತು. ಆಮೇಲೆ ಚಮಚದ ಸದ್ದು ಕಡಿಮೆಯಾಯಿತು. ಮೂರನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ ಅಂಗಿಯ ಗುಂಡಿಗಳನ್ನೆಲ್ಲ ತಾವೇ ಹಾಕಿಕೊಂಡು ಬಂದು ನನ್ನ ಮುಂದೆ ನಿಂತರು. ನಾನು ಒಲೆಯ ಕಡೆ ತಿರುಗಿ ಅತ್ತೆ. ಮರುದಿನ ಹೋಗಿ ಒಂದು ಕಟ್ಟು ಬಲೂನು ತಂದರು. ಕ್ಷೌರ ಕಲಿಯಲು ಬಂದವರಿಗೆಲ್ಲ ಅವರು ಮೊದಲು ಹಾಕುತ್ತಿದ್ದ ಪಾಠ ಅದು: ಊದಿದ ಬಲೂನಿಗೆ ಸಾಬೂನಿನ ನೊರೆ ಹಚ್ಚಿ, ಒಡೆಯದಂತೆ ಕತ್ತಿಯಿಂದ ನೊರೆ ತೆಗೆಯಬೇಕು. ಅರವತ್ತಮೂರನೆಯ ವಯಸ್ಸಿನಲ್ಲಿ ತಾವೇ ತಮ್ಮ ಶಿಷ್ಯರಾಗಿ ಹಿತ್ತಿಲ ಮೆಟ್ಟಿಲ ಮೇಲೆ ಕೂತರು. ಮೊದಲ ವಾರ ದಿನಕ್ಕೊಂದು ಬಲೂನು ಢಂ ಎಂದಿತು, ಪಕ್ಕದ ಮನೆಯ ಮುದುಕಿ ನಮ್ಮಲ್ಲಿ ಏನು ನಡೆಯುತ್ತಿದೆಯೆಂದು ಇಣುಕಿ ನೋಡಿ ಹೋದರು. ಎರಡನೆಯ ವಾರ ಎರಡೇ ಒಡೆದವು. ಆಮೇಲೆ ಒಡೆಯಲಿಲ್ಲ. ಸತತವಾಗಿ ಮೂವತ್ತು ದಿನ ಒಂದೂ ಒಡೆಯದಿದ್ದರೆ ನೀಲಿ ಬಾಗಿಲು ತೆಗೆಯುತ್ತೇನೆ, ಒಂದು ಕಡಿಮೆಯಾದರೂ ಇಲ್ಲ ಎಂದು ತಮಗೆ ತಾವೇ ಕರಾರು ಹಾಕಿಕೊಂಡರು. ಕಳೆದ ಭಾನುವಾರಕ್ಕೆ ಇಪ್ಪತ್ತಮೂರಾಗಿತ್ತು.

ಸೋಮವಾರ, ಹೇಳಿದ್ದ ನಾಲ್ಕು ತಿಂಗಳು ತುಂಬಿತೆಂದು, ತಮ್ಮಲ್ಲಿಗೆ ಬಂದೆವು. ಇವರು ಇಸ್ತ್ರಿಯ ಅಂಗಿ ತೊಟ್ಟು, ಕೈ ತೋರಿಸುವ ಹುಮ್ಮಸ್ಸಿನಲ್ಲಿ, ಮದುವೆ ಗಂಡಿನ ಹಾಗೆ ಹೊರಟಿದ್ದರು. ಕಾಂಪೌಂಡರ್ ಅವರು ಯುವ ವೈದ್ಯೆಯ ಚೀಟಿಯನ್ನು ತಿರುವಿ ತಿರುವಿ ನೋಡಿ, ಇಷ್ಟು ಚಿಕ್ಕ ಚೀಟಿ ಈ ಚಿಕಿತ್ಸಾಲಯದ್ದಾಗಿರಲು ಸಾಧ್ಯವಿಲ್ಲ, ಎಲ್ಲೋ ಅರ್ಧ ಹರಿದುಹೋಗಿದೆ ಎಂದು ತೀರ್ಮಾನಿಸಿ, ತಮ್ಮ ದೊಡ್ಡ ಪುಸ್ತಕದಿಂದ ಅದರ ಹಿಂದಿನದನ್ನು ಹುಡುಕಿ ತೆಗೆದು, ಮುದ್ದಾದ ಅಕ್ಷರದಲ್ಲಿ ಎಲ್ಲವನ್ನೂ ಇಳಿಸಿದರು. ಬಿಳಿ ಗುಳಿಗೆ ಮತ್ತೆ ಮೊದಲ ಪಂಕ್ತಿಯಲ್ಲಿ ಬಂದು ಕೂತಿತು. ನಾನು ಫೈಲು ಬಿಚ್ಚಿ ಮೊದಲ ಚೀಟಿ ತೋರಿಸಿದೆ, ‘ಐದು ದಿನ’ ಎಂಬಲ್ಲಿ ಬೆರಳಿಟ್ಟು ತೋರಿಸಿದೆ. ಇವರು ಎರಡೂ ಕೈಗಳನ್ನು ತಮ್ಮ ಮೇಜಿನ ಮೇಲೆ ಚಾಚಿದರು, ನಿಶ್ಚಲವಾಗಿದ್ದವು. ಆ ಕೈಗಳು ಚೀಟಿಗೆ ಅಡ್ಡ ಬಂದವೆಂದು ತಾವು ಚೀಟಿಯನ್ನು ಪಕ್ಕಕ್ಕೆ ಎಳೆದುಕೊಂಡಿರಿ.

“ಬದಲಿ ಡಾಕ್ಟ್ರು ಇನ್ನೂ ಚಿಕ್ಕವರು. ಮೂರು ವರ್ಷದಿಂದ ತಗೊಳ್ತಿರೋದನ್ನ ಈಗ ಯಾಕೆ ಬಿಡ್ತೀರ? ಮುಂದುವರಿಸಿ.”

ನನ್ನ ದನಿ ಆಗ ಸ್ವಲ್ಪ ಏರಿತೆಂದು ಒಪ್ಪುತ್ತೇನೆ. ಅದನ್ನು ತಾವು ಗಮನಿಸಿದ್ದಕ್ಕೆ ಸಾಕ್ಷಿಯಾಗಿ, ಅಮ್ಮನಿಗೆ ಸ್ವಲ್ಪ ನೆಮ್ಮದಿ ಬೇಕೆಂದು ಹೇಳಿ, ನನ್ನ ಹೆಸರಿಗೂ ಒಂದು ಚೀಟಿ ಹರಿದುಕೊಟ್ಟಿರಿ. ಅದರಲ್ಲಿರುವ ಗುಲಾಬಿ ಗುಳಿಗೆಯ ಮುಂದೆ ಎಷ್ಟು ದಿನವೆಂದು ಬರೆದಿಲ್ಲ. ಕಾಂಪೌಂಡರ್ ಅವರು ಚಿರಾಯುವಾಗಿದ್ದರೆ ಅದು ನನ್ನ ಕೊನೆಯುಸಿರಿನವರೆಗೂ ಜೊತೆಗಿರುವುದರಲ್ಲಿ ಸಂಶಯವಿಲ್ಲ.

ಈಗ ನನ್ನ ಸಂಕಟವನ್ನು ನೇರವಾಗಿ ಹೇಳಿಬಿಡುತ್ತೇನೆ. ತಮ್ಮ ಮಾತನ್ನು ಕೇಳದಿರುವ ಧೈರ್ಯ ನನಗಿದೆ, ಇವರಿಗಿಲ್ಲ. ಇಪ್ಪತ್ತೆರಡು ವರ್ಷ ನಂಬಿದ ಡಾಕ್ಟರು ಬರೆದಿದ್ದಾರೆಂದರೆ ಅದಕ್ಕೊಂದು ಅರ್ಥವಿರಲೇಬೇಕು, ನಾಲ್ಕು ತಿಂಗಳ ಕೈಯನ್ನು ನಂಬಿ ಅವರ ಮಾತು ಮೀರುವುದು ಹೇಗೆ ಎಂದು ಅವರ ವಾದ. ತನ್ನ ಕೆಲಸ ಬಲ್ಲವನನ್ನು ಅವನ ಕೆಲಸದಲ್ಲಿ ಪ್ರಶ್ನೆ ಮಾಡಬಾರದು ಎಂಬುದು ಅವರು ನಲವತ್ತು ವರ್ಷ ನಡೆಸಿಕೊಂಡು ಬಂದ ನೀತಿ. ತನ್ನ ಅಂಗಡಿಯ ಕುರ್ಚಿಯಲ್ಲಿ ಕೂತವರೂ ಹಾಗೆಯೇ ತನ್ನನ್ನು ನಂಬಿದ್ದರಲ್ಲ ಎನ್ನುತ್ತಾರೆ. ಹೊಸ ಬಿಳಿ ಗುಳಿಗೆಯ ಪೊಟ್ಟಣ ಗುಂಡಿ ಡಬ್ಬಿಯ ಮೇಲೆ ಕೂತಿದೆ. ಕೈಕಾಲು ಹಿಡಿದು ಭಾನುವಾರದವರೆಗೆ ಅದನ್ನು ಒಡೆಯುವುದಿಲ್ಲವೆಂದು ಮಾತು ತೆಗೆದುಕೊಂಡಿದ್ದೇನೆ. ಇಂದು ಗುರುವಾರ, ಇಪ್ಪತ್ತೇಳನೆಯ ಬಲೂನು ಮುಗಿಯಿತು.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆಗಳು. ತಮ್ಮ ಚೀಟಿಯ ಕೊನೆಯ ಎರಡು ಸಾಲುಗಳ ಜಾಗದಲ್ಲಿ ಹೂಬಳ್ಳಿಯನ್ನೋ ಎರಡು ಗಿಳಿಗಳನ್ನೋ ಮೊದಲೇ ಅಚ್ಚು ಹಾಕಿಸಿದರೆ ಅಲ್ಲಿ ಬರೆಯಲು ತಮಗೂ ಮನಸ್ಸು ಬಾರದು. ಅಚ್ಚಿನ ಮನೆಯವರ ಬಳಿ ನಾನೇ ಮಾತಾಡುತ್ತೇನೆ. ವಾರಕ್ಕೊಂದು ದಿನ ಪೆನ್ನಿಗೆ ರಜೆ ಕೊಟ್ಟು, ಅಂದು ಬಂದ ರೋಗಿಗಳ ಮುಖವನ್ನು ಮಾತ್ರ ನೋಡಿ ಕಳಿಸುವುದಾದರೆ ನಾನು ಬೆಂಚಿನ ಮೇಲೆ ಕೂತು ಸಾಲು ನಿಲ್ಲಿಸುವ ಸೇವೆ ಮಾಡುತ್ತೇನೆ. ಸದರಿ ಬಿಳಿ ಗುಳಿಗೆಗೆ ಶಾಲೆ ಬಿಟ್ಟ ಪ್ರಮಾಣಪತ್ರವೊಂದನ್ನು ನನ್ನ ಹಳೆಯ ಅನುಭವದಿಂದ ಸಿದ್ಧಪಡಿಸಿ ಇದರೊಂದಿಗೆ ಲಗತ್ತಿಸಿದ್ದೇನೆ. ಸೇರಿದ ಕಾರಣ, ತಲೆಸುತ್ತು. ವ್ಯಾಸಂಗದ ಅವಧಿ, ಐದು ದಿನ. ನಡತೆ, ಮೊದಲ ಐದು ದಿನ ಉತ್ತಮ. ಬಿಟ್ಟ ಕಾರಣ, ವ್ಯಾಸಂಗ ಮುಗಿದಿದೆ. ಸಹಿಯ ಜಾಗವನ್ನು ತಮಗಾಗಿ ಖಾಲಿ ಬಿಟ್ಟಿದ್ದೇನೆ. ಖಾಲಿ ಜಾಗ ಕಂಡರೆ ತಮಗೆ ಸುಮ್ಮನಿರಲಾಗುವುದಿಲ್ಲವೆಂಬ ಭರವಸೆ ನನ್ನದು.

ಇವು ಯಾವುವೂ ಆಗದಿದ್ದರೆ ಬೇಡ, ಬಿಡಿ. ಒಂದೇ ಒಂದು ಪದ ಬರೆದುಕೊಡಿ. ‘ನಿಲ್ಲಿಸಿ’ ಎಂದು. ನನ್ನ ಫೈಲಿನಲ್ಲಿ ತಮ್ಮ ಕೈಬರಹದ ನಲವತ್ತೊಂದು ಚೀಟಿಗಳಿವೆ, ಅಷ್ಟನ್ನೂ ಎರಡೆರಡು ಸಲ ಹುಡುಕಿದೆ, ಆ ಪದ ಎಲ್ಲಿಯೂ ಇಲ್ಲ. ನಾನು ನಿಲ್ಲಿಸಿ ಎಂದರೆ ಅವರು ನಿಲ್ಲಿಸುವುದಿಲ್ಲ, ಆ ವೈದ್ಯೆ ಈಗ ಈ ಊರಲ್ಲಿಲ್ಲ. ತಾವು ಬರೆದರೆ ಒಂದು ಬಾಗಿಲು ತೆರೆಯುತ್ತದೆ. ಅಷ್ಟು ಪುಟ್ಟ ಪದ, ತಮ್ಮ ಎರಡು ಸಾಲು ಕೂಡ ಬೇಕಾಗುವುದಿಲ್ಲ.

ಭಾನುವಾರದೊಳಗೆ ಉತ್ತರ ಬಂದೀತೆಂಬ ನಿರೀಕ್ಷೆಯಲ್ಲಿ, ಗುಲಾಬಿ ಗುಳಿಗೆಯನ್ನು ಇನ್ನೂ ಮುಟ್ಟದಿರುವ ಕಾರಣ ಪೂರ್ತಿ ಎಚ್ಚರವಾಗಿಯೇ ಇರುವ,

ತಮ್ಮ ವಿಶ್ವಾಸಿ,
ನೀಲಿ ಬಾಗಿಲಿನ ಅಂಗಡಿಯವರ ಹೆಂಡತಿ

ತಾ.ಕ.: ಕಾಗದ ಮಡಚುವ ಮುಂಚೆ, ಅಂಗಡಿಯನ್ನು ಒಮ್ಮೆ ಗುಡಿಸಿಬರೋಣವೆಂದು ಇಂದು ಮಧ್ಯಾಹ್ನ ಬೀಗ ತೆಗೆದೆ. ತಾವು ಬರುವ ಶನಿವಾರಗಳಂದು ಕಿಟಕಿಯ ಪಕ್ಕದ ಕುರ್ಚಿಯನ್ನು ಬೇರೆಯವರಿಗೆ ಕೊಡಬಾರದೆಂದು ಇವರು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಿದ್ದರು, ತಾವು ಬಂದು ಹೋದ ಮೇಲೆ ಅದರ ಸುತ್ತ ಸೊನ್ನೆ ಸುತ್ತುತ್ತಿದ್ದರು. ಆ ಹಳೆಯ ಕ್ಯಾಲೆಂಡರ್ ಇನ್ನೂ ಮೊಳೆಯಲ್ಲೇ ನೇತಾಡುತ್ತಿದೆ. ತಮ್ಮ ಕೊನೆಯ ಸೊನ್ನೆ ಯಾವ ಶನಿವಾರದ್ದೋ, ಅಂದು ಸಂಜೆ ಮನೆಗೆ ಬಂದು ಇವರು ಹೇಳಿದ್ದು ನನಗೆ ನೆನಪಿದೆ: ಡಾಕ್ಟರ ಗಲ್ಲದ ಕೆಳಗೆ ಕತ್ತಿ ತಾಕಿತು, ಒಂದು ಹನಿ ರಕ್ತ ಬಂತು, ಪಾಪ, ದೊಡ್ಡ ಮನಸ್ಸಿನವರು, ಪರವಾಗಿಲ್ಲ ಎಂದರು. ನನ್ನ ಫೈಲಿನಲ್ಲಿ ‘ಕೈ ನಡುಕ’ ಎಂದು ತಾವು ಮೊದಲು ಬರೆದ ಚೀಟಿ ಅದಾದ ಹನ್ನೊಂದು ವಾರಕ್ಕೆ. ನಡುವೆ ಎರಡು ಸಲ ನಾವು ತಮ್ಮೆದುರು ಬಂದು ಕೂತಿದ್ದೆವು. ಎರಡು ಚೀಟಿಯ ಮೇಲೂ ‘ಬೇರೆ ತೊಂದರೆಯಿಲ್ಲ, ಮುಂದುವರಿಸಿ’ ಎಂದಿದೆ. ಹಾಗಾದರೆ ಆ ನಡುಕ ತಮ್ಮ ಗಂಟಲಿಗೆ ಅಂದೇ ತಿಳಿದಿತ್ತು, ಪೆನ್ನಿಗೆ ತಿಳಿಸಲು ಮರೆತಿರಿ. ಇರಲಿ. ತಮ್ಮ ಬ್ರಷ್ಷನ್ನೂ ಬಟ್ಟಲನ್ನೂ ತೊಳೆದು ಗೂಡಿನಲ್ಲಿಟ್ಟು ಬಂದಿದ್ದೇನೆ. ಬಿಳಿ ಗುಳಿಗೆ ಮುಂದುವರಿಯಲೇಬೇಕೆಂದು ತಮ್ಮ ಅಭಿಪ್ರಾಯವಾಗಿದ್ದರೆ, ಅದನ್ನು ಇವರು ಇನ್ನೊಂದು ಎಂಟು ತಿಂಗಳು ನುಂಗಿದ ಮೇಲೆ ಒಂದು ಶನಿವಾರ ಎಂಟಕ್ಕೆ ಬಂದು ಆ ಕುರ್ಚಿಯಲ್ಲಿ ಕೂತು ಗಲ್ಲ ಎತ್ತಿರಿ. ಕತ್ತಿ ಹತ್ತಿರ ಬಂದಾಗ ತಮ್ಮ ಬಾಯಿಂದ ತಾನಾಗಿ ಒಂದು ಪದ ಹೊರಡುತ್ತದೆ. ಅದನ್ನೇ ನಾನು ಕೇಳುತ್ತಿರುವುದು, ಭಾನುವಾರದೊಳಗೆ ಬರೆದುಕೊಡಿ.